ನಮ್ಮವ್ವನ ಶಾಪವೂ ಪ್ರವಾದಿಗಳ ದೇವರೂ

ಅರವತ್ತರ ದಶಕ ಮುಗಿಯುತ್ತ ಬಂದಿದ್ದಾಗ ದೇವನಹಳ್ಳಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವ ಕೆಲಸ ನನಗೆ ಸಿಕ್ಕಿತು. ನಮ್ಮೂರು ಕುಂದಾಣದ ಕಡೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನಕ್ಕೆ ಮುಂಚೆಯೇ ಬಿಟ್ಟುಬಿಡುತ್ತಿತ್ತು. ನಮ್ಮೂರಿನ ಬಸ್ಸು ಮಾತ್ರ ಮೂರು ಗಂಟೆಗೇ ಬರುತ್ತಿದ್ದುದು. ಮನೆಯಿಂದ ತಂದ ರೊಟ್ಟಿಯನ್ನು ಖಾಲಿ ತರಗತಿಯಲ್ಲಿ ಕೂತು ತಿಂದು, ಗೋಡೆಯ ಮೇಲಿನ ಭೂಪಟ ನೋಡುತ್ತ ಹೊತ್ತು ಕಳೆಯುತ್ತಿದ್ದೆ. ಅದನ್ನು ಕಂಡ ನಮ್ಮ ಹೆಡ್‌ಮೇಡಂ ಒಂದು ದಿನ, "ಸುಮ್ನೆ ಕೂತ್ಕೊಳೋ ಬದ್ಲು ಒಂದು ಪುಣ್ಯದ ಕೆಲಸ ಮಾಡ್ತೀಯಾ? ಕೋಟೆ ಹತ್ರ ಒಬ್ರು ಪಾದ್ರಿಗಳಿದಾರೆ. ಕಣ್ಣು ಕಾಣಲ್ಲ. ಅವ್ರಿಗೆ ಕನ್ನಡ ಓದಿ ಹೇಳೋರು ಬೇಕಂತೆ," ಎಂದರು.

ಪಾದ್ರಿಗಳಿಗೆ ಎಪ್ಪತ್ತು ದಾಟಿತ್ತು. ಕೋಲಾರದ ಕಡೆಯವರು. ಊರೂರು ತಿರುಗಿ ಕೆಲಸ ಮಾಡಿ, ನಿವೃತ್ತಿಯಾದ ಮೇಲೆ ಹೆಂಡತಿಯೊಡನೆ ಒಂದು ಹೆಂಚಿನ ಮನೆಯಲ್ಲಿ ಬಂದು ನೆಲೆಸಿದ್ದರು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಆದರೂ ಭಾನುವಾರ ಸಂಜೆ ಅಂಗಳದ ಚಕ್ಕೋತದ ಮರದ ಕೆಳಗೆ ಚಾಪೆ ಹಾಸಿ, ಐದಾರು ಮನೆಯವರಿಗೆ ಪಾಠ ಹೇಳುವುದನ್ನು ಬಿಟ್ಟಿರಲಿಲ್ಲ. ಆ ವರ್ಷ ಅವರು ಹಿಡಿದುಕೊಂಡಿದ್ದು ಹೀಬ್ರೂ ಪ್ರವಾದಿಗಳನ್ನು. ಹಿಂದಿನ ದಿನ ನಾನು ಓದಿ ಹೇಳಬೇಕು, ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು ಮನಸ್ಸಿನಲ್ಲೇ ಪಾಠ ಸಿದ್ಧಮಾಡಿಕೊಳ್ಳಬೇಕು. ಇದು ನಮ್ಮ ಏರ್ಪಾಡು. ಅದಕ್ಕೆ ಪ್ರತಿಯಾಗಿ ನನಗೆ ಅವರ ಹೆಂಡತಿಯ ಕೈ ಅಡುಗೆಯ ಊಟ.

ಮೊದಲ ಶನಿವಾರ ಓದಿದ್ದು ಬರೀ ಬೈಗುಳದಂತಿತ್ತು. ದೇವರು ತನ್ನ ಜನರ ಮೇಲೆ ಸಿಡಿಮಿಡಿಗೊಂಡಿದ್ದಾನೆ, ಊರು ಉರಿದುಹೋಗುತ್ತದೆ, ಕೋಟೆ ಬೀಳುತ್ತದೆ ಅನ್ನುತ್ತಾನೆ. ಓದಿ ಓದಿ ನನ್ನ ಗಂಟಲೇ ಒಣಗಿತು. ನೀರು ಕುಡಿದು, ಕೇಳಬಾರದೇನೋ ಅಂದುಕೊಂಡೇ ಕೇಳಿದೆ.

"ಈ ದೇವರು ಯಾಕೆ ಇಷ್ಟೊಂದು ಬೈತಾನೆ ಸಾರ್?"

ಪಾದ್ರಿಗಳು ನಕ್ಕರು. "ಪಕ್ಕದ ಬೀದಿ ಮಕ್ಕಳನ್ನ ಯಾರಾದ್ರೂ ಹಿಂಗೆ ಬೈತಾರೇನಮ್ಮಾ? ತನ್ನ ಮಕ್ಕಳನ್ನೇ ಬೈಯೋದು. ಆದ್ರೆ ಯಾಕ್ ಬೈದ ಅಂತ ನೋಡು. ಪೂಜೆ ಮಾಡಲಿಲ್ಲ ಅಂತ ಅಷ್ಟಾಗಿ ಬೈದಿಲ್ಲ. ಪೂಜೆ ಭರ್ಜರಿಯಾಗೇ ನಡೀತಿತ್ತು. ಬಡವನ ಹೊಲ ನುಂಗಿದ್ರು, ಕಳ್ಳ ಅಳತೆ ಇಟ್ಕೊಂಡ್ರು, ವಿಧವೆ ದೂರು ಕೊಟ್ರೆ ಪಂಚಾಯ್ತಿಲಿ ಯಾರೂ ಕೇಳಲಿಲ್ಲ. ಅದಕ್ಕೆ ಆ ಕೋಪ."

ಒಳಗಿನಿಂದ ಅವರ ಹೆಂಡತಿ, "ಮಗು ಹಸ್ಕೊಂಡಿದೆ. ದೇವರ ಕೋಪ ಸಾರು ಆರೋವರ್ಗೂ ಕಾಯ್ತದಾ?" ಎಂದು ಕರೆದರು.

ಬಡವನ ಹೊಲ ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ನೆನಪಾದದ್ದು ನಮ್ಮವ್ವ. ನಾವೇನೂ ಬಡವರಲ್ಲ, ಆದರೆ ನಮ್ಮ ಹೊಲವನ್ನೂ ಒಬ್ಬರು ನುಂಗಿದ್ದರು. ನಮ್ಮ ದೊಡ್ಡಪ್ಪ, ಎಂದರೆ ನಮ್ಮಪ್ಪನ ದೊಡ್ಡಪ್ಪನ ಮಗ. ಅವರ ಹೊಲ ನಮ್ಮ ಹೊಲಕ್ಕೆ ಅಂಟಿಕೊಂಡೇ ಇತ್ತು. ನಡುವಿನ ಬದುವಿನ ನಮ್ಮ ಪಕ್ಕದಲ್ಲಿ ನಮ್ಮಜ್ಜಿ ನೆಟ್ಟ ಹಲಸಿನ ಮರ. ದೊಡ್ಡಪ್ಪ ಪ್ರತಿ ವರ್ಷ ಉಳುವಾಗ ಬದುವಿನಿಂದ ಒಂದೊಂದು ಸಾಲು ಕೆರೆದುಕೊಳ್ಳುತ್ತ ಬಂದರು. ಬದು ನಮ್ಮ ಕಡೆಗೆ ಸರಿಯುತ್ತ ಸರಿಯುತ್ತ, ಕೊನೆಗೆ ಒಂದು ವರ್ಷ ನೋಡಿದರೆ ಮರ ಅವರ ಹೊಲದಲ್ಲಿ ನಿಂತಿತ್ತು. ಜಾಗದಿಂದ ಒಂದು ಗೇಣೂ ಕದಲದೆ ಮರ ಒಡೆಯನನ್ನು ಬದಲಾಯಿಸಿತ್ತು.

ಅಪ್ಪ ಮಾತು ಕಡಿಮೆಯ ಮನುಷ್ಯ. "ಹೋಗ್ಲಿ ಬಿಡು, ದಾಯಾದಿ ಜಗಳ ಆಡಿ ಯಾವನ್ ಉದ್ಧಾರ ಆಗವ್ನೆ," ಅಂದುಬಿಟ್ಟ. ಅವ್ವ ಬಿಡಲಿಲ್ಲ. ಅದು ಒಳ್ಳೆಯ ತೊಳೆಯ ಚಂದ್ರ ಹಲಸು. ಹಣ್ಣಾದಾಗ ವಾಸನೆ ನಮ್ಮ ಹಟ್ಟಿಯವರೆಗೂ ಬರುತ್ತಿತ್ತು. ದೊಡ್ಡಪ್ಪನ ಮನೆಯಿಂದ ಒಂದು ತೊಳೆಯೂ ಬರುತ್ತಿರಲಿಲ್ಲ. ಒಂದು ಬೇಸಿಗೆ ಅವ್ವ ಬದುವಿನ ಮೇಲೆ ನಿಂತು, ಹಣ್ಣು ಇಳಿಸುತ್ತಿದ್ದ ದೊಡ್ಡಪ್ಪನ ಎದುರಿಗೇ ಒಂದು ಹಿಡಿ ಮಣ್ಣು ತೆಗೆದುಕೊಂಡು ತೂರಿದಳು. "ಭೂಮ್ತಾಯಿ ಸುಮ್ಕಿದ್ರೂ ಆಕಾಶ ಸುಮ್ಕಿರಕಿಲ್ಲ. ಒಂದಲ್ಲ ಒಂದಿನ ಮೇಲಿಂದ್ಲೇ ನಿನ್ನ ಕೇಳ್ತದೆ," ಅಂದಳು. ದೊಡ್ಡಪ್ಪ ಹೆಗಲ ಮೇಲಿನ ಮಣ್ಣು ಕೊಡವಿಕೊಂಡು ಹಣ್ಣು ಹೊತ್ತುಕೊಂಡು ಹೋದರು.

ಆಮೇಲೆ ಅವ್ವ ಕಾಯುತ್ತ ಕೂತಳು. ದೊಡ್ಡಪ್ಪನಿಗೆ ಏನೂ ಆಗಲಿಲ್ಲ. ಆಗಲಿಲ್ಲ ಅನ್ನುವುದಕ್ಕಿಂತ ಒಳ್ಳೆಯದೇ ಆಯಿತು. ಬಾವಿಗೆ ಪಂಪ್‌ಸೆಟ್ಟು ಬಂತು, ದ್ರಾಕ್ಷಿ ತೋಟ ಬಂತು. ಚಪ್ಪರದ ತುಂಬ ಕರಿ ದ್ರಾಕ್ಷಿಗೊನೆ ತೂಗುವಾಗ ಅವ್ವ ಗ್ರಾಮದೇವತೆಯ ಗುಡಿಯ ಮುಂದೆ ನಿಂತು, "ಏನವ್ವಾ, ನಾನ್ ಹೇಳಿದ್ದು ಒಂದು, ನೀನ್ ಕೇಳುಸ್ಕೊಂಡಿದ್ದು ಇನ್ನೊಂದಾ?" ಎಂದು ಜಗಳವಾಡಿ ಬರುತ್ತಿದ್ದಳು.

ಪಾದ್ರಿಗಳ ಮನೆಗೆ ಹೋಗುವ ವಿಷಯ ಹೇಳಿದಾಗ ಅವ್ವ ಮೊದಲು ಹುಬ್ಬು ಗಂಟಿಕ್ಕಿದಳು. "ಜಾತಿ ಗೀತಿ ಕೆಡ್ಸಿಬಿಟ್ಟಾರು." ಅಪ್ಪ ಅಪರೂಪಕ್ಕೆ ಬಾಯಿ ಬಿಟ್ಟು, "ಓದಿದ್ರೆ ಕೆಡೋದಾಗಿದ್ರೆ ಇಸ್ಕೂಲ್ಗೇ ಕಳುಸ್ಬಾರ್ದಾಗಿತ್ತು," ಅಂದ. ಅಲ್ಲಿಗೆ ಅದು ಮುಗಿಯಿತು.

ಅವರೆಕಾಯಿಯ ಕಾಲ. ಸಂಜೆ ನಾನೂ ಅವ್ವನೂ ನೆನೆಹಾಕಿದ ಅವರೆಕಾಳನ್ನು ಹಿತುಕುತ್ತ ಕೂತಿದ್ದಾಗ, ಆ ಶನಿವಾರ ಓದಿದ್ದನ್ನು ಹೇಳಿದೆ. ಹೊಲಕ್ಕೆ ಹೊಲ ಕೂಡಿಸಿಕೊಂಡು, ಬೇರೆಯವರಿಗೆ ಕಾಲಿಡಲೂ ಜಾಗವಿಲ್ಲದ ಹಾಗೆ ಮಾಡುವವರ ಮೇಲೆ ಒಬ್ಬ ಪ್ರವಾದಿ ಕೂಗಾಡಿದ್ದ. ಅವರ ದೊಡ್ಡ ದೊಡ್ಡ ಮನೆಗಳು ಹಾಳು ಬೀಳುತ್ತವೆ, ಅವರ ದ್ರಾಕ್ಷಿ ತೋಟದಲ್ಲಿ ಹಿಡಿಯಷ್ಟೇ ಫಲ ಸಿಗುತ್ತದೆ ಎಂದಿದ್ದ.

ಅವ್ವನ ಬೆರಳುಗಳ ನಡುವೆ ಕಾಳು ನಿಂತಿತು. "ದ್ರಾಕ್ಷಿ ತೋಟಾನಾ?"

"ಹೂಂ."

"ಯಾವ್ ಕಾಲ್ದಾಗೆ ಹೇಳಿದ್ದಿದು?"

"ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ."

"ನೋಡ್ದಾ, ನಿಮ್ ದೊಡ್ಡಪ್ಪನ್ನ ಆಗ್ಲೇ ಕಂಡ್ಕೊಂಡವ್ರೆ," ಅಂದಳು. ಅಪ್ಪ ಮೂಲೆಯಲ್ಲಿ ಬೀಡಿ ಹಚ್ಚುತ್ತಿದ್ದವನು ನಕ್ಕು ಕೆಮ್ಮಿದ.

ಅಂದಿನಿಂದ ಶನಿವಾರ ಬಸ್ಸಿಳಿದು ಬಂದರೆ ಅವ್ವ ಕೈಕಾಲು ತೊಳೆಯುವುದಕ್ಕೂ ಬಿಡುತ್ತಿರಲಿಲ್ಲ. "ಇವತ್ತು ಯಾರ್ನ ಬೈದ?" ಎಂದು ಕೇಳುತ್ತಿದ್ದಳು. ಆ ಪ್ರವಾದಿಗಳಲ್ಲಿ ಅವಳಿಗೆ ತುಂಬ ಹಿಡಿಸಿದವನು ಕುರಿ ಕಾಯುತ್ತ ಅತ್ತಿಹಣ್ಣಿನ ಮರ ನೋಡಿಕೊಂಡಿದ್ದ ಒಬ್ಬ ಹಳ್ಳಿಯವನು. ಅವನು ಪಟ್ಟಣದ ಜನರ ಮುಂದೆ ನಿಂತು ಮೊದಲು ಸುತ್ತಲಿನ ಊರುಗಳ ತಪ್ಪುಗಳನ್ನು ಒಂದೊಂದಾಗಿ ಎತ್ತಿ ಆಡಿದ್ದ. ಅವರಿಗೂ ಶಿಕ್ಷೆ, ಇವರಿಗೂ ಶಿಕ್ಷೆ ಅಂದಾಗ ಕೇಳುವವರು ತಲೆದೂಗಿರಬೇಕು. ಎಲ್ಲರನ್ನೂ ಮುಗಿಸಿ ಕಡೆಗೆ, ಇನ್ನು ನಿಮ್ಮ ವಿಷಯ ಅಂತ ಅವರ ಕಡೆಗೇ ತಿರುಗಿದ್ದ. ಬಡವರನ್ನು ಮೋಸದ ಅಳತೆಯಲ್ಲಿ ತುಳಿದ ನಿಮ್ಮನ್ನು ದೇವರು ಬಿಡುವುದಿಲ್ಲ ಎಂದಿದ್ದ.

"ಒಳ್ಳೆ ಚಾಲಾಕಿನೋನು. ಮೊದ್ಲು ನಗ್ಸಿ, ಆಮೇಕೆ ಕಿವಿ ಹಿಂಡವ್ನೆ," ಎಂದು ಅವ್ವ ಬಾಯ್ತುಂಬ ಮೆಚ್ಚಿದಳು. ಇನ್ನೊಂದು ಹಿಡಿ ಕಾಳು ಹಿತುಕಿದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಕೂಲಿಯೋರಿಗೆ ರಾಗಿ ಅಳೀತೀವಲ್ಲ, ಆ ಸೇರಿನ ತಳ ಒಳೀಕ್ ಹೋಗದೆ. ನಾನೂ ನೋಡ್ತಾನೆ ಇವ್ನಿ," ಅಂದಳು.

"ಅದು ಬಿದ್ದು ನಗ್ಗಿರೋದು. ನಾವೇನ್ ಬೇಕೂಂತ ಮಾಡಿದ್ದಾ?" ಅಂದ ಅಪ್ಪ.

"ಬಿದ್ದಿದ್ದು ತಾನಾಗೇ. ಎತ್ತಿ ನೆಟ್ಟಗ್ ಮಾಡ್ದೆ ಬಿಟ್ಟೋರು ನಾವು."

ಮಾರನೆಯ ಬೆಳಿಗ್ಗೆ ಅಪ್ಪ ಆ ಸೇರನ್ನು ಒರಳುಕಲ್ಲಿನ ಮೇಲಿಟ್ಟು ಒಳಗಿನಿಂದ ಸುತ್ತಿಗೆಯಲ್ಲಿ ಬಡಿದು ತಳ ಸರಿಮಾಡಿದ. ಈ ಸುದ್ದಿ ಹೇಳಿದಾಗ ಪಾದ್ರಿಗಳು ಎಷ್ಟು ಸಂತೋಷಪಟ್ಟರೆಂದರೆ, "ನನ್ನ ನಲವತ್ತು ವರ್ಷದ ಪಾಠಕ್ಕೆ ಒಂದು ಸೇರೂ ನೆಟ್ಟಗಾಗಿರಲಿಲ್ಲ ಕಣೇ," ಎಂದು ಹೆಂಡತಿಯನ್ನು ಕೂಗಿ ಹೇಳಿದರು. ಆ ಮೇಲೆ ನನಗೆ ವಿವರಿಸಿದರು. ಆ ಪ್ರವಾದಿಗಳ ಬಾಯಲ್ಲಿ ನ್ಯಾಯ ಎಂದರೆ ಬರಿಯ ದಂಡನೆಯಲ್ಲ. ಗಾರೆ ಕೆಲಸದವರು ದಾರಕ್ಕೆ ಗುಂಡು ಕಟ್ಟಿ ಗೋಡೆಯ ಪಕ್ಕ ಇಳಿಬಿಡುತ್ತಾರಲ್ಲ, ಹಾಗೆ ದೇವರು ತನ್ನ ಜನರ ನಡುವೆ ದಾರ ಇಳಿಬಿಟ್ಟಿದ್ದಾನೆ. ಗೋಡೆ ಓರೆಯಾಗಿದ್ದರೆ ಅದು ದಾರದ ತಪ್ಪಲ್ಲ. ಓರೆ ಗೋಡೆಯನ್ನು ಹಾಗೇ ಬಿಟ್ಟರೆ ಒಳಗೆ ಮಲಗಿದವರ ಮೇಲೆ ಬೀಳುತ್ತದೆ, ಅದಕ್ಕೇ ಕೆಡವಬೇಕಾಗುತ್ತದೆ ಎಂದರು.

ಅವ್ವನಿಗೆ ಇದು ಒಪ್ಪಿಗೆಯಾಯಿತು, ಆದರೆ ಅವಳ ಮೂಲ ಪ್ರಶ್ನೆ ಹಾಗೇ ಇತ್ತು. "ಎಲ್ಲಾ ಸರಿ. ನಿಮ್ ದೊಡ್ಡಪ್ಪನ ಗೋಡೆ ಓರೆಯಾಗಿ ಏಸೊರ್ಸ ಆಯ್ತು, ಯಾಕ್ ಇನ್ನೂ ನಿಂತದೆ? ಕೇಳು ಆ ಪಾದ್ರಿಗಳ್ನ."

ಕೇಳಿದೆ. ಪಾದ್ರಿಗಳು ಬಹಳ ಹಾಳೆ ಹಿಂದಕ್ಕೆ ಹೋಗಲು ಹೇಳಿ ಒಂದು ಭಾಗ ಓದಿಸಿದರು. ಅಲ್ಲಿ ಒಬ್ಬ ಪ್ರವಾದಿ ಜನರ ಮೇಲಲ್ಲ, ದೇವರ ಮೇಲೇ ದೂರು ಹೇಳುತ್ತಿದ್ದ. ಕೆಟ್ಟವರ ಬಾಳು ಯಾಕೆ ಹಸನಾಗಿದೆ, ನೀನೇ ಅವರನ್ನು ನೆಟ್ಟು ನೀನೇ ಬೇರೂರಿಸಿದ್ದೀಯಲ್ಲ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿದ್ದ. ಆ ಸಂಜೆ ಅದನ್ನು ಕೇಳಿದ ಅವ್ವನ ಮುಖ ಅರಳಿದ್ದು ಇಂದಿಗೂ ನನ್ನ ಕಣ್ಣ ಮುಂದಿದೆ. "ಅಂಗಾದ್ರೆ ಕೇಳ್ಬೋದು ಅನ್ನು. ಕೇಳಿದ್ರೆ ತಪ್ಪಿಲ್ಲ. ನಾನ್ ಗುಡಿ ಮುಂದೆ ಕೇಳಿದ್ದುನ್ನ ಅವ್ನೂ ಕೇಳವ್ನೆ."

"ದೇವರು ಏನಂದ ಅಂತ ಕೇಳಲ್ವಾ?"

"ಏನಂದ?"

"ಇನ್ನೂ ಕಷ್ಟ ಬರೋದಿದೆ, ಇಷ್ಟಕ್ಕೇ ಸುಸ್ತಾದ್ರೆ ಹೆಂಗೆ ಅಂದ."

"ಅದೇನ್ ಉತ್ರಾನೋ," ಎಂದು ಅವ್ವ ಗೊಣಗಿಕೊಂಡು ಒಲೆಯ ಕಡೆಗೆ ಹೋದಳು.

ಬೇಸಿಗೆ ರಜೆ ಬಂತು. ನಮ್ಮ ಮನೆಯಲ್ಲಿ ಆಗ ರೇಷ್ಮೆ ಹುಳು ಸಾಕುತ್ತಿದ್ದೆವು. ನಾಲ್ಕನೆಯ ಜ್ವರ ಎದ್ದ ಹುಳುಗಳು, ಅಂದರೆ ಗೂಡು ಕಟ್ಟುವುದಕ್ಕೆ ಮುಂಚಿನ ಕೊನೆಯ ಹಂತದವು. ಆಗ ಅವು ತಿನ್ನುವ ಸೊಪ್ಪಿಗೆ ಲೆಕ್ಕವೇ ಇಲ್ಲ. ತಟ್ಟೆಗಳ ತುಂಬ ಸೊಪ್ಪು ಮೇಯುವ ಸದ್ದು ಜಡಿಮಳೆಯ ಹಾಗೆ ಕೇಳುತ್ತದೆ. ಒಂದು ಮಧ್ಯಾಹ್ನ ಆಕಾಶ ಹಸಿರುಗಪ್ಪಾಯಿತು. ಗಾಳಿ ಎದ್ದು ನಿಂತಿತು. ಮೊದಲ ಆಲಿಕಲ್ಲು ಹೆಂಚಿನ ಮೇಲೆ ಬಿದ್ದಾಗ ಯಾರೋ ಕಲ್ಲೆಸೆದರೆಂದೇ ಅಪ್ಪ ಹೊರಗೆ ಹೋಗಿ ನೋಡಿದ. ಆಮೇಲೆ ಒಂದರ ಮೇಲೊಂದು ಸುರಿಯಿತು. ಬಹಳ ಹೊತ್ತೇನೂ ಅಲ್ಲ, ಒಂದು ಅಡುಗೆ ಬೇಯುವಷ್ಟು ಹೊತ್ತೂ ಇರಲಿಲ್ಲ. ನಿಂತ ಮೇಲೆ ಹೊರಗೆ ಬಂದರೆ ಅಂಗಳವೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಿತ್ತು.

ದೊಡ್ಡಪ್ಪನ ದ್ರಾಕ್ಷಿ ತೋಟ ಮಲಗಿತ್ತು. ಕಟಾವಿಗೆ ಬಂದ ಗೊನೆಗಳೆಲ್ಲ ಜಜ್ಜಿಹೋಗಿ ನೆಲದ ಮೇಲೆ ಕಪ್ಪು ರಸ ಹರಿಯುತ್ತಿತ್ತು. ಅವರ ದನದ ಕೊಟ್ಟಿಗೆಯ ಹೆಂಚು ಪುಡಿಯಾಗಿತ್ತು. ನೋಡಲು ಬಂದ ಊರವರ ಬಾಯಲ್ಲಿ ಸಂಜೆಯೊಳಗೆ ಒಂದೇ ಮಾತು. "ಆವಮ್ಮ ಅವತ್ತೇ ಅಂದಿದ್ಲು, ಆಕಾಶ ಕೇಳ್ತದೆ ಅಂತ. ಕೇಳ್ತು ನೋಡಿ."

ಅವ್ವ ಆ ಹೊತ್ತಿಗೆ ನಮ್ಮ ಹಿಪ್ಪುನೇರಳೆ ತೋಟದಲ್ಲಿ ನಿಂತಿದ್ದಳು. ಅದೂ ಉಳಿದಿರಲಿಲ್ಲ. ಒಂದೊಂದು ಎಲೆಯೂ ಚಿಂದಿಯಾಗಿ ಕಡ್ಡಿ ಮಾತ್ರ ನಿಂತಿತ್ತು. ಮನೆಯೊಳಗೆ ಸಾವಿರಾರು ಹುಳುಗಳು ತಲೆಯೆತ್ತಿಕೊಂಡು ಸೊಪ್ಪು ಹುಡುಕುತ್ತಿದ್ದವು. "ಆಕಾಶ ಅವ್ರನ್ನೇ ಕೇಳಿದ್ರೆ ಕೇಳ್ಲಿ, ನಮ್ಮನ್ಯಾಕ್ ಕೇಳ್ತು?" ಅಂದಳು ಅವ್ವ. ಕೇಳಿದ್ದು ನನ್ನನ್ನಲ್ಲ, ಅಪ್ಪನನ್ನೂ ಅಲ್ಲ. ಅಪ್ಪ ಮಾತ್ರ, "ಬದು ಎಲ್ಲದೆ ಅಂತ ಆಲಿಕಲ್ಲಿಗ್ ಹೆಂಗ್ ಗೊತ್ತಾಗ್ಬೇಕು? ಅದ್ನ ನಿಮ್ ಬಾವ ಅಳಿಸಿಬಿಟ್ಟವ್ನೆ," ಅಂದ. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ಅವ್ವನಿಗೂ ಬಂತೆಂದು ಕಾಣುತ್ತದೆ, ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡಳು.

ಮರುದಿನ ಬೆಳಕು ಹರಿದಾಗ ನಮ್ಮ ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದರು. ತಲೆಯ ಮೇಲೆ ದೊಡ್ಡ ಸೊಪ್ಪಿನ ಹೊರೆ. ದೊಡ್ಡಪ್ಪನ ಹಿಪ್ಪುನೇರಳೆ ಕೆರೆಯ ಆಚೆಗಿತ್ತು, ಆಲಿಕಲ್ಲು ಆ ಕಡೆ ಬಿದ್ದಿರಲಿಲ್ಲ. ಹೊರೆಯನ್ನು ಜಗುಲಿಯ ಮೇಲೆ ಇಳಿಸಿ ದೊಡ್ಡಮ್ಮ ಅವ್ವನ ಕೈ ಹಿಡಿದುಕೊಂಡರು.

"ತಂಗೀ, ಸೊಪ್ಪು ತಂದಿವ್ನಿ. ನಿನ್ ಮಾತು ವಾಪಸ್ ತಗೊಂಡ್ಬಿಡು. ಸೊಸೆ ಬಾಣಂತಿ. ಮನೇಲಿ ಹಸುಗೂಸದೆ. ಇನ್ನೇನಾದ್ರೂ ಆದ್ರೆ ತಡಕೊಳ್ಳಕ್ಕಾಗಲ್ಲ."

ಅವ್ವ ಇಷ್ಟು ವರ್ಷ ಕಾಯುತ್ತಿದ್ದುದು ಇದಕ್ಕೇ ಇರಬಹುದು. ಎದುರಿಗೆ ಬಂದು ನಿಂತಾಗ ಮಾತ್ರ ಅವಳು ಕೈ ಬಿಡಿಸಿಕೊಳ್ಳಲು ನೋಡಿದಳು. "ಯಕ್ಕಾ, ನಾನೇನ್ ಮಾರಮ್ಮನಾ? ನಾನ್ ಅಂದೆ ಅಂತ ಆಲಿಕಲ್ ಬಿತ್ತದಾ? ಅಂಗ್ ಬೀಳೋದಾಗಿದ್ರೆ ನನ್ ಸೊಪ್ಪು ಯಾಕ್ ಹೋಯ್ತಿತ್ತು?" ಅಂದಳು. ದೊಡ್ಡಮ್ಮ ಕೈ ಬಿಡಲಿಲ್ಲ. ಕಡೆಗೆ ಅವ್ವ, "ಆಯ್ತು, ತಗೊಂಡೆ. ವಾಪಸ್ ತಗೊಂಡೆ. ಒಳೀಕ್ ಬಾ, ಕಾಪಿ ಕುಡಿ," ಎಂದು ಎಳೆದುಕೊಂಡು ಹೋದಳು. ಇಬ್ಬರೂ ಸೇರಿ ಹುಳುಗಳಿಗೆ ಸೊಪ್ಪು ಹಾಕಿದರು. ಮನೆಯೊಳಗೆ ಮತ್ತೆ ಆ ಮಳೆಯ ಸದ್ದು ಎದ್ದಿತು.

ಸೊಪ್ಪು ಹಾಕುತ್ತ ಅವ್ವ ಕೇಳಿದಳು. "ನಿಮ್ ದನ ಎಲ್ಲವೆ?"

"ಮರದ ಕೆಳಗೆ ಕಟ್ಟಿವ್ನಿ. ಹುಲ್ಲಿನ್ ಮೆದೆ ಎಲ್ಲಾ ನೆಂದೋಯ್ತು."

ಅವ್ವ ಅಪ್ಪನನ್ನು ಕರೆದು, "ಹೋಗಿ ಆ ದನ ಹೊಡ್ಕೊಂಡ್ ಬಾ. ನಮ್ ಕೊಟ್ಟಿಗೇಲಿ ಜಾಗ ಅದೆ. ನಮ್ ಮೆದೆ ಮೇಲ್ಭಾಗ ತೆಗುದ್ರೆ ಒಳ್ಗೆ ಒಣಹುಲ್ಲದೆ. ಬದು ಕಿತ್ಕೊಂಡೋನು ನಿಮ್ಮಣ್ಣ. ಆ ಹಸಗಳೇನ್ ಮಾಡ್ದೊ?" ಅಂದಳು.

ಕೊಟ್ಟಿಗೆಗೆ ಹೆಂಚು ಹೊದೆಸುವವರೆಗೂ ದೊಡ್ಡಪ್ಪನ ದನ ನಮ್ಮಲ್ಲೇ ಇದ್ದವು. ನಮ್ಮ ಹುಳು ಹಣ್ಣಾಗಿ ಬಿದಿರಿನ ಚಂದ್ರಿಕೆಯ ಮೇಲೆ ಗೂಡು ಕಟ್ಟುವವರೆಗೂ ಅವರ ತೋಟದ ಸೊಪ್ಪು ಬಂತು. ದೊಡ್ಡಪ್ಪ ದಿನಾ ಬೆಳಿಗ್ಗೆ ಹಾಲು ಕರೆಯಲು ನಮ್ಮ ಕೊಟ್ಟಿಗೆಗೆ ಬರುತ್ತಿದ್ದರು. ಅವ್ವನ ಜೊತೆ ನೇರ ಮಾತಿಲ್ಲ. ನನ್ನ ಹತ್ತಿರ, "ನಿಮ್ಮವ್ವಂಗೆ ಹೇಳು, ಈ ಕೆಂದ ಹಸ ಒದೀತದೆ," ಎನ್ನುತ್ತಿದ್ದರು. ಪಕ್ಕದಲ್ಲೇ ನಿಂತಿದ್ದ ಅವ್ವ, "ಒದೆಯೋದು ಯಾರ್ಗೂ ಹೇಳ್ಕೊಡ್ಬೇಕಾಗಿಲ್ಲ ಅಂತ ನಿಮ್ ದೊಡ್ಡಪ್ಪಂಗೆ ಹೇಳು," ಎನ್ನುತ್ತಿದ್ದಳು. ಮಳೆ ಬಿದ್ದು ಉಳುಮೆ ಶುರುವಾದಾಗ ಅಪ್ಪ ಹೊಲದಿಂದ ಬಂದು, "ಅಣ್ಣ ಈ ಸಲ ಬದುವಿನ್ ಪಕ್ಕ ಎರಡ್ ಸಾಲು ಉಳ್ದೆ ಬಿಟ್ಟವ್ನೆ," ಅಂದ. ಮರುವರ್ಷವೂ ಅಷ್ಟೇ ಬಿಟ್ಟರು. ಅದರ ಮರುವರ್ಷ ಮರ ಬದುವಿನ ನಟ್ಟನಡುವೆ ನಿಂತಿತು. ಹಣ್ಣು ಎರಡು ಮನೆಗೂ ಬಂತು. ದೊಡ್ಡಪ್ಪ ಅಲ್ಲಿಗೆ ನಿಲ್ಲಿಸಿದರು, ಅವ್ವನೂ ಮುಂದಕ್ಕೆ ಕೇಳಲಿಲ್ಲ.

ಆದರೆ ಆಲಿಕಲ್ಲಿನ ಬೇಸಿಗೆಯಲ್ಲಿ ಅವ್ವನಿಗೆ ಬೇರೊಂದು ಪೀಡೆ ಅಂಟಿಕೊಂಡಿತ್ತು. ಶಾಪ ಹಾಕಿಸಲು ಜನ ಬರತೊಡಗಿದರು. ಕೋಳಿ ಕದ್ದವನ ಮೇಲೆ ಒಂದು ಮಾತು ಅಂದುಬಿಡಿ ಎಂದು ಮೇಲಿನ ಬೀದಿಯ ಮುದುಕಿ ಬಂದಳು. ಪಕ್ಕದೂರಿನ ಒಬ್ಬಾತ ತೆಂಗಿನಕಾಯಿ, ವೀಳ್ಯದೆಲೆ ಸಮೇತ ಬಂದು, ತನ್ನ ಭಾವಮೈದನಿಗೆ ಜೋರಾಗೇನೂ ಬೇಡ, ಕಾಲು ಉಳುಕುವಷ್ಟು ಸಾಕು ಎಂದ. ಅವ್ವ ಅವನ ತೆಂಗಿನಕಾಯಿಯನ್ನು ಅವನ ಕೈಗೇ ಕೊಟ್ಟು ಕಳಿಸಿದಳು. ಜನ ನಂಬಲಿಲ್ಲ. ಹಾಲು ಮಾರುವವಳು ಅವ್ವನನ್ನು ಕಂಡರೆ ಅಳತೆಯ ಮೇಲೆ ಇನ್ನಷ್ಟು ಹಾಲು ಸುರಿಯತೊಡಗಿದಳು. ಅದು ಅವ್ವನಿಗೆ ಹಿಂಸೆಯಾಯಿತು.

"ನನ್ನೂ ಕರ್ಕೊಂಡ್ ಹೋಗು ಆ ಪಾದ್ರಿಗಳ ತಾವ್ಕೆ. ನಾನೇ ಕೇಳ್ಬೇಕು," ಅಂದಳು.

ಮುಂಗಾರಿನ ಒಂದು ಶನಿವಾರ ಒಳ್ಳೆಯ ಸೀರೆಯುಟ್ಟು, ಒಂದು ಜಾಡಿ ಮಾವಿನಕಾಯಿ ಉಪ್ಪಿನಕಾಯಿ ಹಿಡಿದು ಅವ್ವ ನನ್ನೊಡನೆ ಬಸ್ಸು ಹತ್ತಿದಳು. ಶಾಲೆ ಬಿಡುವವರೆಗೂ ಮೂರನೆಯ ಕ್ಲಾಸಿನ ಹಿಂದಿನ ಬೆಂಚಿನ ಮೇಲೆ ಕೂತಿದ್ದಳು. ಪಾದ್ರಿಗಳ ಹೆಂಡತಿ ಉಪ್ಪಿನಕಾಯಿ ಮೂಸಿ ನೋಡಿ, "ಮೆಂತ್ಯ ಹುರಿದು ಹಾಕಿದೀರಿ," ಅಂದದ್ದೇ ತಡ, ಇಬ್ಬರಿಗೂ ಸ್ನೇಹವಾಯಿತು. ಊಟವಾದ ಮೇಲೆ ಅವ್ವ ಪಾದ್ರಿಗಳ ಎದುರಿಗೆ ಚಾಪೆಯ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಮಣ್ಣು ತೂರಿದ್ದು, ಆಲಿಕಲ್ಲು, ಸೊಪ್ಪು, ದನ, ತೆಂಗಿನಕಾಯಿಯವನು.

"ಈಗೇಳಿ ಸೋಮಿ. ನನ್ ಮಾತ್ಗೇ ಬಿತ್ತಾ ಅದು?"

"ನನಗೆ ಗೊತ್ತಿಲ್ಲಮ್ಮಾ. ಗೊತ್ತು ಅನ್ನೋ ಪಾದ್ರಿ ಸಿಕ್ಕಿದ್ರೆ ನಂಬಬೇಡಿ," ಅಂದರು. "ಆದ್ರೆ ಒಂದು ಹೇಳ್ತೀನಿ. ನಿಮ್ಮ ಮಗಳು ಓದ್ತಾಳಲ್ಲ ಆ ಪ್ರವಾದಿಗಳು, ಅವರು ಪೆಟ್ಟು ಬಿದ್ದ ಮೇಲೆ ಬಂದು ನೋಡಿ ನಾನೇ ಬೀಳಿಸ್ದೆ ಅಂತ ಮೀಸೆ ತಿರುವಿದೋರಲ್ಲ. ಬೀಳೋಕೆ ಮುಂಚೆ ಬಂದು, ತಿದ್ಕೊಳ್ಳಿ, ಬೀಳದೇ ಇರ್ಲಿ ಅಂತ ಕೂಗಿದೋರು. ಬಿದ್ದಾಗ ಜನರ ಜೊತೆ ಕೂತು ಅತ್ತೋರೂ ಇದಾರೆ. ಒಬ್ಬ ಮಾತ್ರ ಬೇರೆ ಥರ ಇದ್ದ. ಅವನ ಕಥೆ ಇವಳು ಇನ್ನೂ ಓದಿಲ್ಲ."

ಅವನ ಕಥೆಯನ್ನು ಅವರೇ ಹೇಳಿದರು. ಶತ್ರುಗಳ ದೊಡ್ಡ ಪಟ್ಟಣಕ್ಕೆ ಹೋಗಿ, ನಿಮ್ಮ ಊರು ನಾಶವಾಗುತ್ತದೆ ಎಂದು ಸಾರಿ ಬಾ ಅಂತ ದೇವರು ಅವನಿಗೆ ಹೇಳುತ್ತಾನೆ. ಅವನಿಗೆ ಇಷ್ಟವಿಲ್ಲ, ತಪ್ಪಿಸಿಕೊಂಡು ಓಡಿಹೋಗುತ್ತಾನೆ, ಪಾಡುಪಟ್ಟು ಕಡೆಗೆ ಹೋಗಿ ಸಾರುತ್ತಾನೆ. ಪಟ್ಟಣದವರು ಹೆದರಿ ತಪ್ಪು ಒಪ್ಪಿಕೊಳ್ಳುತ್ತಾರೆ. ದೇವರು ಮನಸ್ಸು ಬದಲಾಯಿಸಿ ಊರನ್ನು ಉಳಿಸಿಬಿಡುತ್ತಾನೆ. ಪ್ರವಾದಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಊರಾಚೆ ಹೋಗಿ, ಇನ್ನೂ ಏನಾದರೂ ಆಗಬಹುದೇನೋ ಎಂದು ನೋಡುತ್ತ ಕೂರುತ್ತಾನೆ. ಅವನ ನೆರಳಿಗೆ ಒಂದು ಬಳ್ಳಿ ಹಬ್ಬುತ್ತದೆ. ಮಾರನೆಯ ದಿನ ಹುಳು ಕಡಿದು ಬಳ್ಳಿ ಒಣಗುತ್ತದೆ. ಬಳ್ಳಿ ಹೋಯಿತೆಂದು ಅವನು ಗೋಳಾಡುತ್ತಾನೆ. ಆಗ ದೇವರು ಕೇಳುತ್ತಾನೆ. ನೀನು ನೆಡದ, ನೀರೆರೆಯದ ಬಳ್ಳಿಗೆ ಇಷ್ಟು ಮರುಗುತ್ತೀಯಲ್ಲ, ಎಡಗೈ ಬಲಗೈ ತಿಳಿಯದ ಅಷ್ಟೊಂದು ಜನರಿರುವ ಆ ಪಟ್ಟಣಕ್ಕೆ ನಾನು ಮರುಗಬಾರದೇ? ಅಲ್ಲಿ ಎಷ್ಟೊಂದು ದನಕರುಗಳೂ ಇವೆ.

"ದನಾನಾ?" ಅಂದಳು ಅವ್ವ.

"ದನಾನೇ. ಕಥೆ ಮುಗಿಯೋದು ಆ ಮಾತಿಗೆ."

ಅವ್ವ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. "ಅದುಕ್ಕೆ ಅವ್ನೇನಂದ?"

"ಬರೆದಿಲ್ಲಮ್ಮಾ. ದೇವರು ಕೇಳಿದ ಪ್ರಶ್ನೆಗೇ ಕಥೆ ನಿಂತುಬಿಡ್ತದೆ."

"ಅದೆಂಗಾಯ್ತದೆ? ಇಷ್ಟೆಲ್ಲ ಹೇಳಿ, ಅವ್ನ್ ಏನಂದ ಅಂತ ಹೇಳ್ದಿದ್ರೆ?"

"ನನಗೂ ಚಿಕ್ಕಂದಿನಿಂದ ಅದೇ ಬೇಜಾರು," ಅಂದರು ಪಾದ್ರಿಗಳು. ಅವರ ಹೆಂಡತಿ ಒಳಗಿನಿಂದ ಚಕ್ಕೋತದ ಹಣ್ಣು ಬಿಡಿಸಿ, ಉಪ್ಪುಖಾರ ಸವರಿ ತಂದರು. ಬಸ್ಸಿನ ಹೊತ್ತಾಗುವವರೆಗೂ ಅವ್ವ ಆ ಹಣ್ಣು ತಿನ್ನುತ್ತ, ಒಗ್ಗರಣೆಗೆ ಇಂಗು ಯಾವಾಗ ಹಾಕಬೇಕೆಂದು ಆಕೆಯ ಜೊತೆ ವಾದ ಮಾಡುತ್ತ ಕೂತಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಊರು ದಾಟುತ್ತಿದ್ದಂತೆ ಅವ್ವ ನನ್ನ ಮೊಣಕೈ ತಿವಿದಳು.

"ಅಲ್ಲ ಕಣೇ, ಆವಯ್ಯ ಊರಾಚೆ ಒಬ್ನೇ ಕೂತಿದ್ದ ಅಂದ್ರಲ್ಲ. ಜೊತೆಗೆ ಯಾರಿದ್ರು?"

"ಯಾರೂ ಇರಲಿಲ್ಲ. ಅವನು, ದೇವರು, ಅಷ್ಟೇ."

"ಅಂಗಾದ್ರೆ ಅವ್ನು ಮುನುಸ್ಕೊಂಡಿದ್ದು, ಬಳ್ಳಿಗೆ ಅತ್ತಿದ್ದು, ದೇವ್ರು ದನದ್ ಮಾತ್ ಕೇಳಿದ್ದು, ಇದೆಲ್ಲ ಊರೋರಿಗೆ ಹೆಂಗ್ ಗೊತ್ತಾಯ್ತು? ಅವ್ನೇ ಮನೀಗ್ ಹೋಗಿ ಹೇಳಿರ್ಬೇಕು. ತನ್ ಪೆದ್ದುತನಾನ ತಾನೇ ಹೇಳ್ಕೊಂಡ ಅಂದ್ರೆ, ಅಷ್ಟೊತ್ತಿಗೆ ಅವ್ನ ಸಿಟ್ಟು ಇಳಿದಿರ್ಬೇಕು. ನಗ್ತಾ ನಗ್ತಾನೇ ಹೇಳಿರ್ತಾನೆ."

ಮುಂದಿನ ಶನಿವಾರ ಇದನ್ನು ಪಾದ್ರಿಗಳಿಗೆ ಹೇಳಿದೆ. ಅವರು ಕಾಣದ ಕಣ್ಣುಗಳನ್ನು ಅಂಗಳದ ಕಡೆ ತಿರುಗಿಸಿದರು. ಆಮೇಲೆ ಆ ಕಥೆಯನ್ನು ಮೊದಲಿಂದ ಓದು ಎಂದರು. ಓದಿದೆ. ಅವರು ಅಲ್ಲಲ್ಲಿ ಮೆಲ್ಲಗೆ ನಗುತ್ತಿದ್ದರು. ಎಷ್ಟೋ ವರ್ಷಗಳಿಂದ ಬಲ್ಲ ಗೆಳೆಯನೊಬ್ಬ ಎದುರಿಗೆ ಕೂತು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತಿರುವ ಹಾಗೆ ಕೇಳಿಸಿಕೊಳ್ಳುತ್ತಿದ್ದರು.